ಡಿಟೆಕ್ಟರ್ ಕೂಗೋದ್ರಾಗ ನಿಮ್ಮ ಸ್ಪೀಡ್ ಬರ್ದು ಆಗಿರ್ತದ

ಸಂಪಾದಕರಿಗೆ ನಮಸ್ಕಾರ ರೀ,

ಪತ್ರ ಉದ್ದ ಆಗ್ತದ, ಮೊದಲೇ ಹೇಳಿಬಿಡ್ತೀನಿ. ನಾ ಕಲಬುರಗಿದಾಗ ಕಾರು ಜೀಪಿನ ಎಲೆಕ್ಟ್ರಿಕಲ್ ಕೆಲಸ ಮಾಡಾಂವ, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಫಾಗ್ ಲ್ಯಾಂಪ್, ಹಾರ್ನ್ ರಿಲೇ, ಎಲ್ಲಾ ವೈರಿಂಗ್ ನಮ್ಮಲ್ಲೇ. ಹೈವೇದಾಗ ಪೊಲೀಸರು ಗಾಡಿ ಸ್ಪೀಡ್ ಅಳ್ಯೋ ಲೇಸರ್ ಗನ್ ಹಿಡಕೊಂಡು ನಿಂದ್ರಲಕ್ ಶುರು ಮಾಡ್ದಾಗಿಂದ ಒಂದು ಹೊಸಾ ಗಿರಾಕಿ ಹುಟ್ಟಿಕೊಂಡದ, ಕೈಯಾಗ ಒಂದು ಕರೀ ಡಬ್ಬಿ ಹಿಡಕೊಂಡು ಬರ್ತಾರ, ಅಣ್ಣಾ ಇದು ಲೇಸರ್ ಡಿಟೆಕ್ಟರ್, ಆನ್‌ಲೈನ್‌ದಾಗ ತರಿಸೀನಿ, ಪೊಲೀಸರು ಗನ್ ತೋರಿಸಿದ ಕೂಡ್ಲೇ ಕೂಗ್ತದಂತ, ಇದಕ್ಕ ಬ್ಯಾಟರಿಯಿಂದ ಡೈರೆಕ್ಟ್ ಲೈನ್ ಎಳ್ದು ಕೊಡು ಅಂತಾರ. ಮೂರ್ ಸಾವಿರದ್ದೂ ನೋಡೀನಿ, ಮೂವತ್ತರ ಆಸುಪಾಸಿಂದೂ ನೋಡೀನಿ. ಲೈನ್ ಎಳ್ಯೋದು ನನಗ ಅರ್ಧ ತಾಸಿನ ಕೆಲಸ, ರೊಕ್ಕಾನೂ ಬರ್ತದ, ಸುಮ್ನ ಕೂಡ್ಸಿ ಕಳಿಸಬಹುದು. ಆದ್ರ ಆ ಡಬ್ಬಿ ಖರೇ ಏನ್ ಮಾಡ್ತದ, ಏನ್ ಮಾಡಂಗಿಲ್ಲ ಅನ್ನೋದು ಒಬ್ಬರಿಗೂ ಗೊತ್ತಿಲ್ಲ, ರೀಲ್ಸ್ ನೋಡಿ ತರಸ್ತಾರ, ಅದ್ಕ ಬರೀಲತ್ತೀನಿ.

ಮಂದಿ ತಲ್ಯಾಗ ಏನ್ ಕುಂತದ ಅಂದ್ರ, ಪೊಲೀಸ್ ಒಂದು ಕಿಲೋಮೀಟರ್ ದೂರ ಇದ್ದಾಗೇ ಡಬ್ಬಿ ಪೀಂ ಪೀಂ ಅಂತದ, ನಾವು ಬ್ರೇಕ್ ತುಳೀತೀವಿ, ಎಂಬತ್ತಕ್ಕ ಬಂದು ಶಾಂತ ಮಾರಿ ಮಾಡ್ಕೊಂಡು ಸಾಹೇಬ್ರ ಮುಂದಿಂದ ಹೋಗ್ತೀವಿ ಅಂತ. ಇದು ಪೂರಾ ಸುಳ್ಳಲ್ಲ, ಹಳೀ ಖರೇ ಮಾತು. ಅಮೆರಿಕಾದಾಗ ಪೊಲೀಸರು ಬರೇ ರಾಡಾರ್ ಉಪಯೋಗಿಸ್ತಿದ್ದ ಕಾಲದಾಗ ಇಂಥಾ ಡಬ್ಬಿ ಹುಟ್ಟಿದ್ದು, ಆವಾಗ ಅದು ಕೆಲಸ ಮಾಡ್ತಿತ್ತು. ಹ್ಯಾಂಗಂದ್ರ ರಾಡಾರ್ ಗನ್ ಬಿಡೋದು ರೇಡಿಯೋ ಅಲೆ, 24 ಗಿಗಾಹರ್ಟ್ಜ್ ಸುತ್ತ ಒಂದು ಬ್ಯಾಂಡ್, 34-35ರ ಸುತ್ತ ಇನ್ನೊಂದು. ಅದು ಟಾರ್ಚ್ ಬೆಳಕಿನ್ಹಂಗ ಅಗಲ ಆಗ್ಕೋತ ಹೋಗ್ತದ, ಹನ್ನೆರಡು ಡಿಗ್ರಿ ಹರಡ್ತದ ಅಂತ ಹಿಡದ್ರ 300 ಮೀಟರ್ ದೂರಕ್ಕ ಅದರ ಅಗಲ 60 ಮೀಟರ್ ಮೇಲೆ, ಅಂದ್ರ ರೋಡೂ ಬಂತು, ಆಜೂಬಾಜೂ ತೊಗರಿ ಹೊಲಾನೂ ಬಂತು. ಎಲ್ಲಾ ಗಾಡಿಗೂ ಬಡೀತದ, ತಗಡಿಗಿ ಗ್ವಾಡಿಗಿ ಬಡದು ಚದುರ್ತದ. ಇನ್ನೊಂದು ಏನಂದ್ರ ಪೊಲೀಸ್ ಗನ್‌ಗ ಅಲೆ ಹೋಗಿ ನಿಮ್ಮ ಗಾಡಿಗಿ ಬಡದು ವಾಪಸ್ ಬರಬೇಕು, ಬರೋದ್ರಾಗ ಅದು ಸೊರಗಿ ಹೋಗಿರ್ತದ, ಆದ್ರ ನಿಮ್ಮ ಡಬ್ಬಿಗೆ ಬರೇ ಹೋಗೋ ಅಲೆ ಸಿಕ್ರ ಸಾಕು. ಅದಕ್ಕ ಗನ್ ನಿಮ್ಮನ್ನ ಕಾಣೋಕಿಂತ ಭಾಳ ಮೊದಲೇ ಡಬ್ಬಿ ಗನ್ನನ್ನ ಕಾಣ್ತಿತ್ತು. ಮುಂದಿನ ಗಾಡಿಗೆ ಹಿಡದ್ರೂ ಹಿಂದಿನವಗ ಗೊತ್ತಾಗ್ತಿತ್ತು. ಈ ಹೆಸರಿನ ಮ್ಯಾಲೇ ಇವತ್ತಿಗೂ ಲೇಸರ್ ಡಿಟೆಕ್ಟರ್ ಮಾರಾಟ ಆಗ್ಲತ್ತಾವ. ಹೆಸರು ರಾಡಾರ್ ಗಳಿಸಿದ್ದು, ರೊಕ್ಕ ಲೇಸರ್‌ದವರು ಎಣಿಸ್ಲತ್ತಾರ.

ಲೇಸರ್ ಗನ್ ಬ್ಯಾರೇನೇ ಜಾತಿ. ಅದರಾಗ ಸಣ್ಣ ಲೇಸರ್ ಡಯೋಡ್ ಇರ್ತದ, ಕಣ್ಣಿಗಿ ಕಾಣದ ಇನ್‌ಫ್ರಾರೆಡ್ ಬೆಳಕು, ಸುಮಾರು 905 ನ್ಯಾನೋಮೀಟರ್. ಈ ಬೆಳಕು ಒಂದೇ ಸಮ ಉರ್ಯಂಗಿಲ್ಲ, ಸೆಕೆಂಡಿಗೆ ನೂರಾರು ಸಲ ಚಿಟಕಿ ಹೊಡ್ದಂಗ ಬಿಟ್ಟುಬಿಟ್ಟು ಬರ್ತದ. ಒಂದೊಂದು ಚಿಟಕಿನೂ ನಿಮ್ಮ ಗಾಡಿಗಿ ಬಡದು ವಾಪಸ್ ಬರಲಕ್ ಎಷ್ಟು ಹೊತ್ತು ತಗೊಂತು ಅಂತ ಗನ್ ಅಳೀತದ. 300 ಮೀಟರ್ ದೂರದ ಗಾಡಿಗೆ ಹೋಗಿ ಬರಲಕ್ ಎರಡು ಮೈಕ್ರೋ ಸೆಕೆಂಡ್, ಅಂದ್ರ ಸೆಕೆಂಡಿನಾಗ ಹತ್ತು ಲಕ್ಷ ಪಾಲು ಮಾಡಿ ಅದರಾಗ ಎರಡು ಪಾಲು. ಬೆಳಕು ಒಂದು ನ್ಯಾನೋ ಸೆಕೆಂಡಿಗೆ 30 ಸೆಂಟಿಮೀಟರ್ ಓಡ್ತದ, ಅಷ್ಟು ಸೂಕ್ಷ್ಮ ಗಡಿಯಾರ ಅದರೊಳಗ ಅದ. ಮೊದಲ್ನೇ ಚಿಟಕಿಗೆ ಗಾಡಿ ಇಷ್ಟು ದೂರ, ಮುಂದಿನದಕ್ಕ ಇಷ್ಟು, ಅದರ ಮುಂದಿನದಕ್ಕ ಇಷ್ಟು, ಹಿಂಗ ಲೆಕ್ಕ ಜೋಡಿಸಿ ದೂರ ಎಷ್ಟು ಬೇಗ ಕಮ್ಮಿ ಆಗ್ಲತ್ತದ ಅಂತ ನೋಡಿದ್ರ ಅದೇ ನಿಮ್ಮ ಸ್ಪೀಡ್. ಇಷ್ಟೆಲ್ಲಾ ಆಗಲಕ್ ಸುಮಾರು 0.3ರಿಂದ 0.5 ಸೆಕೆಂಡ್ ಸಾಕು.

ಈಗ ಇಲ್ಲೇ ಅದ ಮಜಾ. ಈ ಲೇಸರ್ ಬೆಳಕು ಹರಡೋದೇ ಇಲ್ಲ ಅನ್ನೋವಷ್ಟು ಕಮ್ಮಿ ಹರಡ್ತದ, ಸಾವಿರ ಮೀಟರ್‌ಗ ಸುಮಾರು ಮೂರು ಮೀಟರ್. ಲೆಕ್ಕ ಹಾಕ್ರಿ, 100 ಮೀಟರ್‌ಗ 30 ಸೆಂಟಿಮೀಟರ್ ಅಗಲ, 300 ಮೀಟರ್‌ಗ 90 ಸೆಂಟಿಮೀಟರ್. ಕಾರಿನ ಅಗಲವೇ ಒಂದು ಮುಕ್ಕಾಲು ಮೀಟರ್ ಇರ್ತದ. ಪೊಲೀಸರು ಗನ್ ಹಿಡ್ಯೋದು ನಂಬರ್ ಪ್ಲೇಟಿಗಿ, ಇಲ್ಲಾ ಹೆಡ್‌ಲೈಟಿಗಿ, ಯಾಕಂದ್ರ ಅವು ಬೆಳಕು ಬಂದ ದಿಕ್ಕಿಗೇ ವಾಪಸ್ ಕಳಿಸ್ತಾವ. ನಂಬರ್ ಪ್ಲೇಟ್ ನೆಲದಿಂದ ಅರ್ಧ ಮೀಟರ್ ಎತ್ತರದಾಗ ಅದ. ನೀವು ಡಿಟೆಕ್ಟರ್ ಕೂಡ್ಸಿದ್ದು ಎಲ್ಲಿ? ಡ್ಯಾಶ್‌ಬೋರ್ಡ್ ಮ್ಯಾಲ, ಇಲ್ಲಾ ಕನ್ನಡಿ ಬಾಜೂ, ಒಂದು ಮೀಟರ್‌ಕಿಂತ ಎತ್ತರ. 100 ಮೀಟರ್ ದೂರದಿಂದ ಪ್ಲೇಟಿನ ಮ್ಯಾಲ ಬಿದ್ದ 30 ಸೆಂಟಿಮೀಟರ್ ಚುಕ್ಕಿ ಅಷ್ಟು ಎತ್ತರ ಮುಟ್ಟಂಗೇ ಇಲ್ಲ. 300 ಮೀಟರ್‌ದಾಗಿಂದ ಹೊಡದ್ರೂ ಚುಕ್ಕಿ ಅಂಚು ಬಾನೆಟ್ ಮುಗಿಯೋತನಕ ಬಂದ್ರ ಹೆಚ್ಚು. ಅಂದ್ರ ಎಷ್ಟೋ ಸಲ ಗನ್ ನಿಮ್ಮ ಸ್ಪೀಡ್ ತಗೊಂಡು ಆಗಿರ್ತದ, ಡಬ್ಬಿಗೆ ಸುದ್ದಿನೇ ಇರಂಗಿಲ್ಲ, ಹಸಿರು ಲೈಟ್ ಹಚ್ಚಿಕೊಂಡು ಆರಾಮ ಕುಂತಿರ್ತದ.

ಆಯ್ತು, ಬೆಳಕು ಬಿತ್ತು ಅಂತೇ ಇಟ್ಕೋರಿ, ಡಬ್ಬಿ ಕೂಗ್ತು. ಆವಾಗ ಏನಾಯ್ತು? ನೂರರ ಸ್ಪೀಡಿನಾಗ ಗಾಡಿ ಸೆಕೆಂಡಿಗೆ 28 ಮೀಟರ್ ಓಡ್ತದ. ಗನ್‌ಗ ಬೇಕಾಗಿದ್ದು ಅರ್ಧ ಸೆಕೆಂಡ್, ಅಷ್ಟರಾಗ ನೀವು 14 ಮೀಟರ್ ಬಂದಿರ್ತೀರಿ. ನಿಮ್ಮ ಕಿವಿಗಿ ಶಬ್ದ ಬಿದ್ದು, ಇದು ಯಾವ ಶಬ್ದಪಾ ಅಂತ ತಲಿಗಿ ಹೊಳದು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಮ್ಯಾಲ ಬರಲಕ್ ಒಂದರಿಂದ ಒಂದೂವರಿ ಸೆಕೆಂಡ್ ಬೇಕು. ಚಲೋ ಡ್ರೈವರ್ ಇದ್ರೂ ಅಷ್ಟೇ. ಅಷ್ಟೊತ್ತಿಗೆ ಗನ್‌ದಾಗ ಸ್ಪೀಡೂ ಬಂತು, ಫೋಟೋನೂ ಬಂತು, ಪೊಲೀಸಪ್ಪ ಮುಂದಿನ ಗಾಡಿ ನೋಡ್ಲತ್ತಾನ. ಲೇಸರ್ ಡಿಟೆಕ್ಟರ್ ಕೂಗೋದಂದ್ರ ಮದುವಿ ಮುಗದ ಮ್ಯಾಲ ಲಗ್ನಪತ್ರಿಕಿ ಕೈಗಿ ಕೊಟ್ಟಂಗ. ಅದು ಹೇಳೋದು ಪೊಲೀಸ್ ಮುಂದ ಇದ್ದಾನ ಅಂತಲ್ಲ, ನಿನ್ನ ಫೋಟೋ ಆಗ್ಯಾದ ಅಂತ.

ಒಬ್ಬ ಹುಡುಗ, ಹೈದರಾಬಾದ್‌ದಾಗ ನೌಕರಿ, ಶುಕ್ರವಾರ ರಾತ್ರಿ ಊರಿಗಿ ಬರಾಂವ, ಹಿಂಗಂತ ಹೇಳಿದ್ದಕ್ಕ ನಂಬ್ಲಿಲ್ಲ. ಅವನ ಡಬ್ಬಿ ವಾರಂಟಿ ಹೆಂಗೂ ಮುಗದಿತ್ತು, ಅವನ ಮುಂದೇ ಸ್ಕ್ರೂ ಬಿಚ್ಚಿದೆ. ಮುಂದ ಒಂದು ಕಡುಗೆಂಪು ಪ್ಲಾಸ್ಟಿಕ್ ಕಿಟಕಿ, ಅದು ಮಾಮೂಲಿ ಬೆಳಕು ತಡದು ಇನ್‌ಫ್ರಾರೆಡ್ ಒಳಗ ಬಿಡ್ಲಕ್. ಅದರ ಹಿಂದ ಹೆಸರುಕಾಳಿನಷ್ಟು ಲೆನ್ಸು, ಲೆನ್ಸಿನ ಹಿಂದ ಒಂದು ಫೋಟೋಡಯೋಡ್, ಎರಡು ಕಾಲಿಂದು, ಟಿವಿದಾಗ ರಿಮೋಟ್ ಹಿಡ್ಯಲಕ್ ಇರ್ತದಲ್ಲ ಅದರ ಅಣ್ಣತಮ್ಮ. ಆಮ್ಯಾಲ ಒಂದು ಆಂಪ್ಲಿಫೈಯರ್ ಐಸಿ, ಒಂದು ಸಣ್ಣ ಪ್ರೊಸೆಸರ್, ಒಂದು ಬಜರ್. ಇಷ್ಟೇ. ಇದು ಬರೇ ನೋಡ್ತದ, ಅಷ್ಟೇ, ತನ್ನ ಕಣ್ಣಿಗಿ ಬೆಳಕು ಬೀಳೋತನಕ ಇದಕ್ಕ ಏನೂ ತಿಳಿಯಂಗಿಲ್ಲ. ಟಿವಿ ರಿಮೋಟ್ ಒತ್ತಿ ಮೊಬೈಲ್‌ದು ಸೆಲ್ಫಿ ಕ್ಯಾಮೆರಾದಾಗ ತೋರ್ಸಿದೆ, ನೇರಳೆ ಬಣ್ಣದಾಗ ಮಿಣಮಿಣ ಅಂತು, ನೋಡು ಕಣ್ಣಿಗಿ ಕಾಣದ ಬೆಳಕು ಅಂದ್ರ ಇದೇ, ರಿಮೋಟ್ ಆಕಡೆ ತಿರುಗಿಸಿದ್ರ ಟಿವಿ ಬಂದ್ ಆಗ್ತದೇನು ಅಂದೆ. ಆವಾಗ ಸುಮ್ಮನಾದ. ಡಬ್ಬಿ ಮಾತ್ರ ಇನ್ನೂ ತೆಗದಿಲ್ಲ, ಡ್ಯಾಶ್‌ಬೋರ್ಡ್ ಮ್ಯಾಲ ಚಲೋ ಕಾಣಸ್ತದಂತ.

ಕೂಗಬಾರದ ಕಡಿ ಕೂಗೋದು ಇನ್ನೊಂದು ತ್ರಾಸ. ಈ ಡಬ್ಬಿಗಳಾಗ ಭಾಳಷ್ಟು ರಾಡಾರ್ ಮತ್ತ ಲೇಸರ್ ಎರಡೂ ಹಿಡೀತಾವ ಅಂತ ಬರದಿರ್ತದ. 24 ಗಿಗಾಹರ್ಟ್ಜ್ ಅನ್ನೋದು ಪೊಲೀಸರ ಆಸ್ತಿ ಅಲ್ಲ, ಅಂಗಡಿ ಆಸ್ಪತ್ರಿ ಆಟೋಮ್ಯಾಟಿಕ್ ಬಾಗಿಲು ಅದನ್ನೇ ಉಪಯೋಗಿಸ್ತಾವ, ಹೊಸಾ ಕಾರುಗಳ ಬ್ಲೈಂಡ್ ಸ್ಪಾಟ್ ಸೆನ್ಸರ್‌ಗಳಾಗೂ ಭಾಳಷ್ಟು ಅದೇ. ಬಾಜೂ ಒಂದು ದುಬಾರಿ ಗಾಡಿ ಬಂದ್ರ ಸಾಕು, ಡಬ್ಬಿ ಚೀರ್ತದ. ಕೆಲವು ಗಾಡಿಗಳಾಗ ಮುಂದಿನ ದೂರ ಅಳೀಲಕ್ ಲೇಸರ್ರೇ ಇರ್ತದ, ಅದಕ್ಕೂ ಚೀರ್ತದ. ಹತ್ತು ಸಲ ಖಾಲಿಪೀಲಿ ಚೀರಿದ ಮ್ಯಾಲ ಮಂದಿ ವಾಲ್ಯೂಮ್ ಬಂದ್ ಮಾಡಿ ಇಡ್ತಾರ. ನಮ್ಮ ಅಂಗಡಿಗೆ ಸರ್ವಿಸ್‌ಗ ಬರೋ ಗಾಡಿಗಳಾಗ ಬಹುತೇಕ ಡಬ್ಬಿ ಮ್ಯೂಟ್‌ನಾಗೇ ಇರ್ತಾವ.

ನ್ಯಾಯವಾಗಿ ಹೇಳ್ಬೇಕಂದ್ರ ಎಂದೂ ಉಪಯೋಗಕ್ಕ ಬರಂಗೇ ಇಲ್ಲ ಅಂತಲ್ಲ. ನಿಮ್ಮ ಮುಂದ ನೂರು ಮೀಟರ್‌ದಾಗ ಒಂದು ಲಾರಿ ಹೊಂಟದ, ಪೊಲೀಸಪ್ಪ ಅದಕ್ಕ ದೂರದಿಂದ ಗನ್ ಹಿಡದ, ಲಾರಿ ಅಂಚಿನಿಂದ ಜರಾ ಬೆಳಕು ಜಾರಿ ಹಿಂದ ಬಂತು, ಇಲ್ಲಾ ಮಳಿ ಹನಿಗಿ, ಧೂಳಿಗಿ ಬಡದು ಚದುರಿ ಬಂತು ಅಂದ್ರ, ಚಲೋ ಕಂಪನಿ ಡಬ್ಬಿ ಅದನ್ನ ಹಿಡೀಬಹುದು, ನಿಮಗ ಎರಡು ಸೆಕೆಂಡ್ ಸಿಗಬಹುದು. ಅದು ನಸೀಬು. ಖಾಲಿ ರೋಡಿನಾಗ ಮೊದಲ ಗಾಡಿ ನಿಮ್ಮದೇ ಆದ್ರ, ನಸೀಬೂ ಇಲ್ಲ. ನಮ್ಮ ಕಡೆ ಮಧ್ಯಾಹ್ನ 43 ಡಿಗ್ರಿ ಬಿಸಲಾಗ ಹುಮನಾಬಾದ್ ರೋಡಿಗೂ ಜೇವರ್ಗಿ ರೋಡಿಗೂ ಮಂದಿ ಸ್ಪೀಡ್ ಓಡ್ಸೋದು ಖಾಲಿ ಇದ್ದಾಗೇ ಅಲ್ಲೇನ್ರಿ.

ಇಷ್ಟು ಕೇಳಿದವರು ಮುಂದಿನ ಪ್ರಶ್ನಿ ಸಣ್ಣ ದನಿಲೇ ಕೇಳ್ತಾರ, ಹಂಗಾದ್ರ ಜಾಮರ್ ಸಿಗ್ತದೇನ್ ಅಣ್ಣಾ. ಜಾಮರ್ ಅಂದ್ರ ಗ್ರಿಲ್‌ದಾಗ ಲೇಸರ್ ಡಯೋಡ್ ಕೂಡ್ಸೋದು, ಗನ್ನಿನ ಚಿಟಕಿ ಬಂದ ಕೂಡ್ಲೇ ಅದೇ ತಾಳಕ್ಕ ತಾನೂ ಬೆಳಕು ವಾಪಸ್ ಹೊಡ್ದು ಗನ್ನಿನ ಲೆಕ್ಕ ಕೆಡಸೋದು. ಆವಾಗ ಗನ್‌ದಾಗ ಸ್ಪೀಡ್ ಬದಲು ಎರರ್ ಬರ್ತದ. ಆದ್ರ ಗನ್ ಮಾಡೋ ಕಂಪನಿಯವರು ಸುಮ್ನ ಕುಂತಿಲ್ಲ, ಚಿಟಕಿ ನಡುವಿನ ತಾಳ ಹಿಂದಮುಂದ ಮಾಡ್ಯಾರ, ಜಾಮರ್ ಬೆಳಕು ಬಂದ್ರ ಗನ್ನೇ ಜಾಮ್ ಅಂತ ತೋರಸ್ತದ. ಹಿಂದಿನ ಮುಂದಿನ ಗಾಡಿಗೆಲ್ಲಾ ಸ್ಪೀಡ್ ಬಂದು ನಿಮ್ಮೊಂದು ಗಾಡಿಗೆ ಮಾತ್ರ ಎರರ್ ಬಂದ್ರ ಅಲ್ಲಿ ನಿಂತವ ಎಷ್ಟೇ ದಣದಿದ್ರೂ ಬಾನೆಟ್ ಎತ್ತು ಅಂತಾನ. ಆವಾಗ ಅದು ಸ್ಪೀಡಿನ ದಂಡ ಅಲ್ಲ, ಸರ್ಕಾರಿ ನೌಕರನ ಕೆಲಸಕ್ಕ ಅಡ್ಡಿ ಅಂತ ಭಾರತೀಯ ನ್ಯಾಯ ಸಂಹಿತೆ 221 ಹಾಕ್ಲಕ್ ದಾರಿ ಆಗ್ತದ. ಅಮೆರಿಕಾದ ಎಷ್ಟೋ ರಾಜ್ಯದಾಗ ಲೇಸರ್ ಜಾಮರ್ ನಿಷೇಧ ಅದ, ವರ್ಜೀನಿಯಾದಾಗ ಅಂತೂ ರಾಡಾರ್ ಡಿಟೆಕ್ಟರ್ ಇಟ್ಕೊಂಡು ಓಡ್ಸೋದೇ ಅಪರಾಧ. ನಾ ಜಾಮರ್ ಕೂಡ್ಸಂಗಿಲ್ಲ, ಯಾರೂ ಬಂದು ಕೇಳಬ್ಯಾಡ್ರಿ.

ಮತ್ತ ಸರಾಸರಿ ಸ್ಪೀಡ್ ಕ್ಯಾಮೆರಾ ಬಂದ ಕಡಿ ಈ ಡಬ್ಬಿ ಜಾಮರ್ ಯಾವ್ದೂ ನಡ್ಯಂಗಿಲ್ಲ. ಒಂದು ಕ್ಯಾಮೆರಾ ನಿಮ್ಮ ನಂಬರ್ ಪ್ಲೇಟ್ ಓದ್ತದ, ಹತ್ತು ಕಿಲೋಮೀಟರ್ ಮುಂದಿಂದು ಇನ್ನೊಮ್ಮಿ ಓದ್ತದ, ಹತ್ತು ಕಿಲೋಮೀಟರ್ ಐದು ನಿಮಿಷದಾಗ ಬಂದಿದ್ರ ನಿಮ್ಮ ಸ್ಪೀಡ್ 120 ಅಂತ ಐದನೇ ಕ್ಲಾಸಿನ ಹುಡುಗನೂ ಹೇಳ್ತಾನ. ಅಲ್ಲಿ ಲೇಸರ್ರೂ ಇಲ್ಲ ರಾಡಾರೂ ಇಲ್ಲ, ಡಬ್ಬಿಗೆ ಹಿಡ್ಯಲಕ್ ಏನೂ ಇಲ್ಲ. ಮುಂದ ಪೊಲೀಸ್ ಇದ್ದಾರ ಅಂತ ಮೊದಲೇ ತಿಳೀಬೇಕಂದ್ರ ಈ ಮೂವತ್ತು ಸಾವಿರದ ಡಬ್ಬಿಕಿಂತ ಮೊಬೈಲ್‌ದಾಗಿನ ಪುಗಸಟ್ಟಿ ಮ್ಯಾಪ್ ಆ್ಯಪೇ ಚಲೋ, ನಿಮಕಿಂತ ಮೊದಲು ಹೋದವರು ಗುರುತು ಹಾಕಿರ್ತಾರ. ಅದಕ್ಕೂ ಹಳೀದು ಎದುರಿನ ಲಾರಿಯವನ ಡಿಪ್ಪರ್. ಎರಡು ಸಲ ಲೈಟ್ ಹೊಡದ ಅಂದ್ರ ಮುಂದ ಆರ್‌ಟಿಒ, ಇಲ್ಲಾ ಪೊಲೀಸ್, ಇಲ್ಲಾ ದನ. ಮೂರಕ್ಕೂ ಸ್ಪೀಡ್ ಕಮ್ಮಿ ಮಾಡೋದೇ ಮದ್ದು.

ಇನ್ನ ಸಿಕ್ಕಿಬಿದ್ದವರು ಹೇಳೋ ಮಾತಿಗಿ ಬರ್ತೀನಿ. ಗನ್ ಸುಳ್ಳು ಹೇಳ್ತದ, ನಾ 80ರಾಗಿದ್ದೆ 97 ತೋರಸ್ಯದ ಅಂತಾರ. ರೋಡಿನ ಬಾಜೂ ಓರಿಯಾಗಿ ನಿಂತು ಹಿಡದ್ರ ಗನ್‌ದಾಗ ಸ್ಪೀಡ್ ಹೆಚ್ಚು ಬರಂಗಿಲ್ಲ, ಕಮ್ಮೀನೇ ಬರ್ತದ, ಯಾಕಂದ್ರ ಅದು ಅಳ್ಯೋದು ತನ್ನ ಕಡಿಗಿ ಬರೋ ವೇಗ ಮಾತ್ರ. ಹತ್ತು ಡಿಗ್ರಿ ಓರಿ ಇದ್ರ 100ರ ಗಾಡಿ 98.5 ಕಾಣ್ತದ. ಅಂದ್ರ ನಿಮಗೇ ಲಾಭ. ಕಾರಿನ ಮೀಟರ್ ಅಂತೂ ಕಂಪನಿಯವರೇ ಜರಾ ಹೆಚ್ಚು ತೋರ್ಸಂಗ ಇಟ್ಟಿರ್ತಾರ, ಆದ್ರಿಂದ ಮೀಟರ್‌ದಾಗ 80 ಇದ್ರ ಖರೇ ಸ್ಪೀಡ್ ಅದಕ್ಕೂ ಕಮ್ಮಿ, 97 ಬರಲಕ್ ಸಾಧ್ಯ ಅದ ಅನ್ನೋದು ಬ್ಯಾರೇ ಕಾರಣಕ್ಕ. ಕೈ ಅಲುಗಾಡಿ ಚುಕ್ಕಿ ಉದ್ದನ್ನ ಗಾಡಿಯ ಮಗ್ಗಲಾಗ ಜಾರ್ಕೋತ ಹೋದ್ರ, ಗಾಡಿ ಸರದಿದ್ದಲ್ಲದೇ ಚುಕ್ಕಿ ಸರದಿದ್ದೂ ಲೆಕ್ಕಕ್ಕ ಸೇರ್ತದ. ಚಲೋ ಗನ್‌ಗಳು ಇದನ್ನ ಗುರುತಿಸಿ ರೀಡಿಂಗ್ ಬಿಟ್ಟುಬಿಡ್ತಾವ, ಅದ್ಕೇ ಸ್ಟ್ಯಾಂಡ್ ಮ್ಯಾಲ ಇಟ್ಟು ಹಿಡೀರಿ ಅಂತಾರ. ಇನ್ನೊಂದು, 500 ಮೀಟರ್ ದೂರದಿಂದ ಹಿಡದ್ರ ಚುಕ್ಕಿ ಒಂದೂವರಿ ಮೀಟರ್ ಅಗಲ ಆಗಿರ್ತದ, ನಮ್ಮ ರೋಡಿನಾಗ ಕಾರಿನ ಮಗ್ಗಲಿಗೇ ಬೈಕ್, ಬೈಕಿನ ಮಗ್ಗಲಿಗೆ ಟಂಟಂ ಇರ್ತದ, ಯಾರ ಸ್ಪೀಡ್ ಯಾರ ತಲಿಗಿ ಬಿತ್ತು? ಫೋಟೋದಾಗ ಗುರಿ ಗುರುತು ಎಲ್ಲಿ ಬಿದ್ದದ ಅಂತ ನೋಡಬೇಕು. ಚಲನ್ ಬಂದ ಕೂಡ್ಲೇ ಪೊಲೀಸರಿಗಿ ಬಯ್ಯೋದಕಿಂತ ಫೋಟೋ ಜೂಮ್ ಮಾಡಿ ನೋಡೋದು ಚಲೋ ಅಭ್ಯಾಸ. ನನ್ನ ಗಿರಾಕಿ ಒಬ್ಬರಿಗೆ ಬಂದ ನೋಟಿಸಿನ ಫೋಟೋದಾಗ ಗುರುತು ಬಾಜೂ ಟ್ರಕ್ಕಿನ ಮ್ಯಾಲ ಇತ್ತು, ಅವರು ಫೋಟೋ ನೋಡದೇ ರೊಕ್ಕ ಕಟ್ಟಿ ಬಂದು ಆಮ್ಯಾಲ ನನಗ ತೋರ್ಸಿದ್ರು.

ಕಾನೂನು ಏನ್ ಅದ ಅಂತಾನೂ ಬರೀತೀನಿ, ಡಿಟೆಕ್ಟರ್ ಕೊಳ್ಳೋ ರೊಕ್ಕದಾಗ ಇದು ಪುಗಸಟ್ಟಿ. ಮೋಟಾರು ವಾಹನ ಕಾಯ್ದೆ 183ನೇ ಕಲಂ ಸ್ಪೀಡಿಗಿ ಸಂಬಂಧಪಟ್ಟಿದ್ದು, 2019ರ ತಿದ್ದುಪಡಿ ನಂತರ ಕಾಯ್ದೆದಾಗ ಸಣ್ಣ ಗಾಡಿಗಿ 1000ದಿಂದ 2000, ದೊಡ್ಡ ಗಾಡಿಗಿ 2000ದಿಂದ 4000 ರೂಪಾಯಿ ದಂಡ. ಅದೇ ಕಲಂನಾಗ ಇನ್ನೊಂದು ಮಾತದ, ಒಬ್ಬ ಸಾಕ್ಷಿ ನನ್ನ ಅಂದಾಜಿಗೆ ಗಾಡಿ ಜೋರ್ ಬಂತು ಅಂದ್ರ ಅಷ್ಟಕ್ಕೇ ಶಿಕ್ಷೆ ಕೊಡಂಗಿಲ್ಲ, ಯಂತ್ರ ಇಲ್ಲಾ ಎಲೆಕ್ಟ್ರಾನಿಕ್ ಸಾಧನದಿಂದ ಅಳದಿರಬೇಕು. ಗನ್ ಬಂದಿದ್ದೇ ಇದಕ್ಕ. ಆಮ್ಯಾಲ 2021ರ ಆಗಸ್ಟ್‌ದಾಗ ಕೇಂದ್ರ ಮೋಟಾರು ವಾಹನ ನಿಯಮಕ್ಕ 167ಎ ಅಂತ ಸೇರಿಸ್ಯಾರ. ಅದರಾಗ ಹೇಳಿದ್ದು, ಸ್ಪೀಡ್ ಗನ್ ಆಗಲಿ ಕ್ಯಾಮೆರಾ ಆಗಲಿ ರಾಜ್ಯ ಸರ್ಕಾರ ಗೊತ್ತು ಮಾಡಿದ ಅಧಿಕಾರಿಯಿಂದ ಸರ್ಟಿಫಿಕೇಟ್ ಇರಬೇಕು, ಅದನ್ನ ವರ್ಷಾ ವರ್ಷಾ ರಿನ್ಯೂ ಮಾಡಸಬೇಕು. ಇಂಥಾ ಯಂತ್ರ ಇಡೋ ರೋಡಿನ ಮೊದಲಿಗೇ ಎದ್ದು ಕಾಣೋಹಂಗ ಎಚ್ಚರಿಕಿ ಬೋರ್ಡ್ ಹಾಕಬೇಕು. ತಪ್ಪು ನಡೆದ 15 ದಿನದೊಳಗ ನೋಟಿಸ್ ಕಳಿಸಬೇಕು, ಅದರ ಜೋಡಿ ಫೋಟೋ, ಯಂತ್ರದ ಅಳತಿ, ತಾರೀಖು, ಟೈಮ್, ಜಾಗ ಎಲ್ಲಾ ಇರಬೇಕು, ಚಲನ್ ವಿಲೇವಾರಿ ಆಗೋತನಕ ರೆಕಾರ್ಡ್ ಜೋಪಾನ ಇಡಬೇಕು. ಅಪಾಯದ ಮತ್ತ ಗದ್ದಲದ ರೋಡ್‌ಗಳಿಗೆ ಇಂಥಾ ಯಂತ್ರ ಹಾಕ್ರಿ ಅಂತ ಊರುಗಳ ಪಟ್ಟಿನೂ ಕೊಟ್ಟಾರ, ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮತ್ತ ನಮ್ಮ ಕಲಬುರಗಿ. ಯಾವ್ದಾದ್ರೂ ಒಂದು ಚಲೋ ಪಟ್ಟಿದಾಗ ಕಲಬುರಗಿ ಹೆಸರು ಬಂತಲ್ಲಪಾ ಅಂತ ಖುಷಿ ಪಡಬ್ಯಾಡ್ರಿ, ಅದು ಮೂಲದಾಗ ಗಾಳಿ ಹೊಲಸಾದ ಊರುಗಳ ಪಟ್ಟಿ, ಅದನ್ನೇ ಇಲ್ಲಿ ಹಾಕ್ಯಾರ.

ರಾಡಾರ್ ಯಂತ್ರಗಳಿಗೆ 2025ರ ಜುಲೈ 1ರಿಂದ ಇನ್ನೊಂದು ನಿಯಮ ಬಂದದ, ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷೆ ಮಾಡ್ಸಿ ಮುದ್ರಿ ಹಾಕಸಬೇಕು. ನಮ್ಮ ಗಂಜ್‌ದಾಗ ತೊಗರಿ ತೂಗೋ ಕಾಂಟಾಕ್ಕ ಸೀಲ್ ಹಾಕೋದೂ ಅದೇ ಇಲಾಖೆ. ಕಾಂಟಾದ ಸೀಲ್ ನೋಡೇ ಮಾಲ್ ಕೊಡೋ ರೈತ ಗನ್ನಿನ ಸರ್ಟಿಫಿಕೇಟ್ ಕೇಳಿದ್ರ ಅದನ್ನ ಉದ್ಧಟತನ ಅಂತ ತಿಳ್ಕೋಬಾರದು, ಇಷ್ಟೇ ನನ್ನ ಮಾತು.

ನಾ ಪೊಲೀಸರ ವಿರುದ್ಧ ಬರೀಲತ್ತಿಲ್ಲ. ಗನ್ ಬೇಕು. 2024ರ ಆಗಸ್ಟ್ 1ರಿಂದ 130 ದಾಟಿದ್ರ ಬರೇ ದಂಡ ಅಲ್ಲ ಎಫ್‌ಐಆರ್ ಅಂತ ರಾಜ್ಯದ ಪೊಲೀಸರು ಹೇಳಿದಾಗ ಭಾಳ ಮಂದಿ ಬೈದ್ರು, ನನಗ ಸರಿನೇ ಅನ್ನಿಸ್ತು. 2022ರ ಜೂನ್‌ದಾಗ ಗೋವಾದಿಂದ ಹೈದರಾಬಾದಿಗಿ ಹೊಂಟಿದ್ದ ಖಾಸಗಿ ಬಸ್ಸು ಕಮಲಾಪುರ ಹತ್ತಿರ ಗೂಡ್ಸ್ ಗಾಡಿಗಿ ಬಡದು ಬೆಂಕಿ ಹತ್ತಿ ಮಂದಿ ಒಳಗೇ ಸುಟ್ಟು ಹೋದ್ರು, ಆ ರೋಡಿನಾಗ ಓಡಾಡೋ ನಮಗ ಅದು ಮರೆಯೋ ಸುದ್ದಿ ಅಲ್ಲ. 60ರಾಗ ಬ್ರೇಕ್ ಹೊಡದ್ರ ಒಣಾ ರೋಡಿನಾಗ ಚಲೋ ಟಯರ್ ಇದ್ರ 20 ಮೀಟರ್‌ದಾಗ ನಿಲ್ಲೋ ಕಾರು, 100ರಾಗ ಹೊಡದ್ರ 55 ಮೀಟರ್ ಮೇಲೆ ಬೇಕು, ಕಾಲು ಬ್ರೇಕಿಗಿ ಬರೋ ಹೊತ್ತು ಬ್ಯಾರೆ. ನಮ್ಮ ಕಡಿ ರೋಡಿನಾಗ ಏನೇನ್ ಇರ್ತದ ಅಂತ ನಿಮಗ ಹೇಳಬೇಕಾಗಿಲ್ಲ, ಸುಗ್ಗಿದಾಗ ಅರ್ಧ ರೋಡಿಗಿ ಜ್ವಾಳ ತೊಗರಿ ರಾಶಿ ಹಾಕಿ ಸುತ್ತಲೂ ಕಲ್ಲು ಇಟ್ಟಿರ್ತಾರ, ರಾಶಿ ಎತ್ತಿಕೊಂಡು ಹೋಗ್ತಾರ ಕಲ್ಲು ಅಲ್ಲೇ ಬಿಟ್ಟಿರ್ತಾರ. ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಹಿಂದ ಒಂದು ಕೆಂಪು ಲೈಟ್ ಇರಂಗಿಲ್ಲ. ಆ ಲೈಟ್ ನಾ ನೂರೈವತ್ತು ರೂಪಾಯಿದಾಗ ಹಚ್ಚಿ ಕೊಡ್ತೀನಿ, ಅದಕ್ಕ ಗಿರಾಕಿ ಇಲ್ಲ, ಮೂವತ್ತು ಸಾವಿರದ ಡಿಟೆಕ್ಟರಿಗಿ ಗಿರಾಕಿ ಇದ್ದಾರ.

ಹಂಗಂತ ಗನ್ ಹಿಡ್ಯೋರಿಗೂ ಎರಡು ಮಾತು ಅದ. ಇಳಿಜಾರು ಮುಗಿಯೋ ಕಡಿ, ಬೇವಿನ ಗಿಡದ ಹಿಂದ, ಬೋರ್ಡಿಲ್ಲದ ಜಾಗದಾಗ ನಿಂತ್ರ ಚಲನ್ ಜಾಸ್ತಿ ಬೀಳ್ತಾವ ಖರೇ, ಆದ್ರ ಮಂದಿ ಅದನ್ನ ಬಲೆ ಅಂತ ತಿಳ್ಕೋತಾರ, ಬಲೆ ತಪ್ಪಿಸ್ಲಕ್ ಡಬ್ಬಿ ಕೊಳ್ತಾರ. ಕುರಿಕೋಟಾ ಸೇತುವೆ ಎರಡೂ ಕಡಿ, ಮಹಾಗಾಂವ್ ಕ್ರಾಸ್, ಜೇವರ್ಗಿ ರೋಡಿನ ಭೀಮಾ ಸೇತುವೆ, ಇಂಥಾ ಕಡಿ ದೊಡ್ಡ ಬೋರ್ಡ್ ಹಾಕಿ ಎಲ್ಲಾರಿಗೂ ಕಾಣೋಹಂಗ ನಿಂತ್ರ ಚಲನ್ ಕಮ್ಮಿ ಆಗ್ತಾವ, ಸ್ಪೀಡೂ ಕಮ್ಮಿ ಆಗ್ತದ. ಸ್ಪೀಡ್ ಲಿಮಿಟ್ ಬೋರ್ಡ್‌ಗಳೂ ಹಂಗೇ, ಅರ್ಧ ಕಡಿ ಎಲೆಕ್ಷನ್ ಪೋಸ್ಟರ್ ಅಂಟಿಸ್ಯಾರ, ಅರ್ಧ ಕಡಿ ಜಾಲಿ ಬೆಳದು ಮುಚ್ಯದ, ಲಿಮಿಟ್ ಎಷ್ಟು ಅಂತ ಕಾಣದ ಕಡಿ ಲಿಮಿಟ್ ದಾಟಿದಿ ಅಂದ್ರ ಯಾರಿಗೂ ಸಿಟ್ಟು ಬರ್ತದ. ಇನ್ನ ಸರ್ಕಾರ 2023ರ ಫೆಬ್ರವರಿದಾಗ ಬಾಕಿ ಚಲನ್‌ಗ ಅರ್ಧ ರಿಯಾಯಿತಿ ಕೊಟ್ತು, ಆಮ್ಯಾಲೂ ಕೊಟ್ತು, ಈಗ ಮಂದಿ ಚಲನ್ ಬಂದ್ರ ಹಬ್ಬದ ಸೇಲ್ ಕಾಯ್ದಂಗ ಕಾಯ್ಲತ್ತಾರ. ದಂಡಕ್ಕ ಡಿಸ್ಕೌಂಟ್ ಸಿಗ್ತದಂದ್ರ ಅದಕ್ಕ ಅಂಜೋರು ಯಾರು.

ನಿಮ್ಮ ಪತ್ರಿಕಿಯವರಿಗೆ ಒಂದೇ ವಿನಂತಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾದ ಪೊಲೀಸರಿಗಿ ಕೇಳಿ, ಗನ್ ಹಿಡಕೊಂಡು ನಿಂದ್ರೋ ರೋಡ್ ಯಾವ್ಯಾವು, ಅಲ್ಲಿ ಲಿಮಿಟ್ ಎಷ್ಟು, ಗನ್ನಿನ ಸರ್ಟಿಫಿಕೇಟ್ ಯಾವ ತಾರೀಖಿನತನಕ ಅದ, ಇಷ್ಟು ಒಂದು ಸಣ್ಣ ಡಬ್ಬಿದಾಗ ಪ್ರಿಂಟ್ ಮಾಡ್ರಿ. ಡಿಟೆಕ್ಟರ್ ಈಗಾಗಲೇ ತರಸಿದವರು ರಿಟರ್ನ್ ತಾರೀಖು ಮುಗದದೇನ್ ನೋಡ್ಕೋರಿ, ಮುಗದಿಲ್ಲಂದ್ರ ವಾಪಸ್ ಕಳಿಸ್ರಿ, ವೈರ್ ಕಟ್ ಮಾಡ್ಸಿದ ಮ್ಯಾಲ ಅವರು ತಗೊಳ್ಳಂಗಿಲ್ಲ. ಪತ್ರ ಉದ್ದ ಆಗ್ಯದ, ನಿಮ್ಮಲ್ಲಿ ಜಾಗ ಇಲ್ಲಂದ್ರ ಎಲ್ಲಿ ಬೇಕಾದ್ರೂ ಕತ್ತರಿಸ್ರಿ, ಜಾಮರ್‌ದು ತೆಗದ್ರೂ ನಡೀತದ, 15 ದಿನದ ನೋಟಿಸು ಮತ್ತ ಬೋರ್ಡಿನ ಸಾಲು ಮಾತ್ರ ತೆಗೀಬ್ಯಾಡ್ರಿ.

ಇಂತಿ ನಿಮ್ಮ ಓದುಗ,
ಒಬ್ಬ ಆಟೋ ಎಲೆಕ್ಟ್ರಿಷಿಯನ್,
ಕಲಬುರಗಿ